ಮಳೆಗಾಲದಲ್ಲಿ ಓದಿದ ದೊಡ್ಡ ಅಕ್ಷರದ ಸತ್ಯವೇದ

ಸತ್ಯವೇದಕ್ಕೆ, ಅಂದರೆ ನಮ್ಮ ಬೈಬಲಿಗೆ, ವಿಮರ್ಶೆ ಬರೆಯಬಹುದೇ ಎಂದು ನಮ್ಮ ಸಭೆಯ ಹಿರಿಯರೊಬ್ಬರು ಕೇಳಿದರು. ದೇವರ ವಾಕ್ಯವನ್ನು ತೂಗಿ ನೋಡುವ ಅಧಿಕಾರ ನನಗಿಲ್ಲ. ಆದರೆ ಅಕ್ಷರ, ಕಾಗದ, ಹೊಲಿಗೆ, ಹೊದಿಕೆ ಇವೆಲ್ಲ ಮನುಷ್ಯರ ಕೈಕೆಲಸ. ವಯಸ್ಸಾದವರು ಪಿಂಚಣಿಯ ದುಡ್ಡಿನಲ್ಲಿ ಕೊಳ್ಳುವ ವಸ್ತು. ಕೊಡಗಿನಂಥ ಮಳೆಯ ನಾಡಿನಲ್ಲಿ ಅದು ಹೇಗೆ ಬಾಳುತ್ತದೆ, ಕಣ್ಣು ಮಂಜಾದವರಿಗೆ ಎಷ್ಟು ಒದಗುತ್ತದೆ ಎಂಬುದನ್ನು ಕೊಂಡವರು ಹೇಳದಿದ್ದರೆ ಮತ್ಯಾರು ಹೇಳಬೇಕು? ಇನ್ನೊಂದು ಕಾರಣವೂ ಇದೆ. ಈ ಪುಸ್ತಕ ಮನೆಗೆ ಬಂದ ಮೇಲೆ ಮಳೆಗಾಲದ ರಾತ್ರಿಗಳನ್ನು ನಾವು ಕಳೆಯುವ ರೀತಿಯೇ ಬದಲಾಗಿದೆ. ಅದನ್ನು ಬಿಟ್ಟು ಬರೀ ಕಾಗದದ ದಪ್ಪವನ್ನು ಬರೆದರೆ ಅರ್ಧ ಮಾತು ಹೇಳಿದಂತಾಗುತ್ತದೆ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದವಳು. ನಮ್ಮ ಯಜಮಾನರು ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಕೊಯ್ಲಿನ ತೂಕ, ಗೊಬ್ಬರದ ಲೆಕ್ಕ ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದಿಡುತ್ತಿದ್ದರು. ಈಗ ಇಬ್ಬರೂ ನಿವೃತ್ತರು. ಮಡಿಕೇರಿಯಿಂದ ಸುಂಟಿಕೊಪ್ಪದ ಕಡೆಗೆ ಇಳಿಯುವ ಗುಡ್ಡಗಳ ನಡುವೆ ನಮ್ಮದೊಂದು ಹೆಂಚಿನ ಮನೆ, ಅದರ ಹಿಂದೆ ಸ್ವಲ್ಪ ರೊಬಸ್ಟಾ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ಸಕ್ಕರೆ ಕಾಯಿಲೆ ಯಜಮಾನರ ಕಣ್ಣನ್ನು ಹಿಡಿದಿದೆ. ಒಂದು ಕಣ್ಣಿನ ಪೊರೆ ತೆಗೆಸಿದ ಮೇಲೂ ಸಣ್ಣ ಅಕ್ಷರ ಅವರಿಗೆ ಕಾಣುವುದಿಲ್ಲ. ಅತ್ತೆಯವರ ಕಾಲದಿಂದ ಮನೆಯಲ್ಲಿದ್ದ ಸತ್ಯವೇದವನ್ನು ಅವರು ಕೈಗೆತ್ತಿಕೊಳ್ಳುವುದನ್ನೇ ಬಿಟ್ಟಿದ್ದರು. ನಾನು ಓದಿ ಹೇಳುತ್ತೇನೆಂದರೆ ಕೇಳುತ್ತಿದ್ದರು. ಆದರೆ ಬೇರೆಯವರು ಓದಿದ್ದನ್ನು ಕೇಳುವುದೇ ಬೇರೆ, ಒಂದೇ ವಚನದ ಮೇಲೆ ತಾನೇ ಬೆರಳಿಟ್ಟು ಕೂರುವುದೇ ಬೇರೆ.

ಕಣ್ಣಿನ ತಪಾಸಣೆಗೆ ಮೈಸೂರಿಗೆ ಹೋದಾಗ ಒಂದು ಪುಟ್ಟ ಕ್ರೈಸ್ತ ಪುಸ್ತಕದಂಗಡಿಗೆ ಹೋದೆವು. ಅಂಗಡಿಯವರು ವಯಸ್ಸಾದವರು. ಕಪಾಟಿನತ್ತ ಕೈ ಚಾಚುವ ಮೊದಲು ಕೇಳಿದರು: "ಯಾರು ಓದಲಿಕ್ಕೆ, ಅಮ್ಮಾ?"

"ನಮ್ಮ ಯಜಮಾನರು."

"ಹಾಗಾದರೆ ನೀವು ಆರಿಸಬೇಡಿ. ಅವರೇ ಕುಳಿತು ಓದಿ ನೋಡಲಿ."

ಕುರ್ಚಿ ಎಳೆದು ಕೊಟ್ಟು ಮೂರು ಅಳತೆಯ ಪ್ರತಿಗಳನ್ನು ಮುಂದಿಟ್ಟರು. ಯಜಮಾನರು ಅಭ್ಯಾಸಬಲದಿಂದ 23ನೆಯ ಕೀರ್ತನೆಯನ್ನು ತೆರೆದು "ಯೆಹೋವನು ನನಗೆ ಕುರುಬನು" ಎಂದು ಆರಂಭಿಸಿದರು. ಅಂಗಡಿಯವರು ತಡೆದರು. "ಅದು ನಿಮಗೆ ಬಾಯಿಪಾಠ. ಕಣ್ಣಿನ ಪರೀಕ್ಷೆ ಆಗುವುದಿಲ್ಲ" ಎಂದು ಪೂರ್ವಕಾಲವೃತ್ತಾಂತದ ಮೊದಲ ಅಧ್ಯಾಯವನ್ನು ತೆರೆದರು. ಅಲ್ಲಿ ಪುಟಗಟ್ಟಲೆ ಹೆಸರುಗಳು, ಒಂದೂ ಬಾಯಿಗೆ ತಾನಾಗಿ ಬರುವಂಥದ್ದಲ್ಲ. ಮೊದಲ ಪ್ರತಿಯಲ್ಲಿ ಎರಡನೆಯ ಸಾಲಿಗೇ ತಡವರಿಸಿದರು. ಎರಡನೆಯದರಲ್ಲಿ ಅರ್ಧ ಪುಟ ಸಾಗಿದರು. ಮೂರನೆಯದರಲ್ಲಿ ಕನ್ನಡಕವನ್ನು ಹಣೆಗೇರಿಸದೆ ಅಷ್ಟೂ ಹೆಸರುಗಳನ್ನು ಓದಿ ಮುಗಿಸಿ ನನ್ನ ಮುಖ ನೋಡಿದರು. ಅದನ್ನೇ ಕೊಂಡೆವು. ಗಿರಾಕಿಯನ್ನು ಹೀಗೆ ವಿಚಾರಿಸಿಕೊಳ್ಳುವ ಅಂಗಡಿ ಇವತ್ತಿನ ದಿನಗಳಲ್ಲಿ ಅಪರೂಪ. ಬೆಲೆಯಲ್ಲಿ ಸ್ವಲ್ಪ ಬಿಟ್ಟರು, ಒಂದು ಪುಟಗುರುತಿನ ಪಟ್ಟಿಯನ್ನೂ ಕೊಟ್ಟರು. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಆ ಕುರ್ಚಿ.

ಈಗ ಪುಸ್ತಕದ ವಿಷಯ. ಇದು ಹಳೆಯ ಅನುವಾದದ ಪಠ್ಯ, ನಮ್ಮ ಆರಾಧನೆಯಲ್ಲಿ ಓದುವಂಥದ್ದೇ. ಹಳೆಯ ಒಡಂಬಡಿಕೆಯ 39, ಹೊಸ ಒಡಂಬಡಿಕೆಯ 27, ಒಟ್ಟು 66 ಪುಸ್ತಕಗಳು. ಕಥೋಲಿಕ ಸಭೆಯವರು ಕೊಳ್ಳುವುದಾದರೆ ಇದನ್ನು ಗಮನಿಸಬೇಕು. ಅವರ ಬೈಬಲಿನಲ್ಲಿ 73 ಪುಸ್ತಕಗಳಿರುತ್ತವೆ, ಇದರಲ್ಲಿ ಅವೆಲ್ಲ ಸಿಗುವುದಿಲ್ಲ. ಪುಟಕ್ಕೆ ಎರಡು ಅಂಕಣ. ಯೇಸುವಿನ ಮಾತುಗಳು ಕೆಂಪು ಅಕ್ಷರದಲ್ಲಿವೆ. ಕೆಂಪು ಚೆನ್ನಾಗಿ ಕಾಣುವುದು ಹಗಲಿನಲ್ಲಿ ಮಾತ್ರ. ಚಾರ್ಜ್ ಮಾಡುವ ದೀಪದ ಬಿಳಿ ಬೆಳಕಿನಲ್ಲಿ ಅದು ಮಂಕಾಗುತ್ತದೆ, ಯೇಸುವಿನ ಮಾತುಗಳೇ ತುಂಬಿರುವ ಬೆಟ್ಟದ ಪ್ರಸಂಗವನ್ನು ಯಜಮಾನರು ಬೆಳಗ್ಗೆಯೇ ಓದಿಕೊಳ್ಳುತ್ತಾರೆ.

ಕನ್ನಡದಲ್ಲಿ ದೊಡ್ಡ ಅಕ್ಷರ ಎಂದರೆ ಅಳತೆ ಹಿಗ್ಗಿಸಿದರೆ ಮುಗಿಯುವ ಕೆಲಸವಲ್ಲ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಾಗುವಂತಿದ್ದರೆ ಅಕ್ಷರ ಎಷ್ಟೇ ದೊಡ್ಡದಿದ್ದರೂ ಕಣ್ಣು ಸೋಲುತ್ತದೆ. ನಲವತ್ತು ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ಬರೆದು ಕಲಿಸಿದವಳಿಗೆ ಇದು ಚೆನ್ನಾಗಿ ಗೊತ್ತು. ಈ ಪ್ರತಿಯಲ್ಲಿ ಸಾಲುಗಳ ನಡುವೆ ಜಾಗ ಬಿಟ್ಟಿದ್ದಾರೆ. 'ಥ'ದ ಒಳಗಿನ ಚುಕ್ಕೆ ತುಂಬಿಹೋಗಿಲ್ಲ, 'ಪ' ಮತ್ತು 'ಷ' ಬೇರೆ ಬೇರೆಯಾಗಿ ಕಾಣುತ್ತವೆ. ವಚನದ ಸಂಖ್ಯೆಗಳು ಮಾತ್ರ ತೀರಾ ಸಣ್ಣವು. ಕೊನೆಯಲ್ಲಿರುವ ನಕ್ಷೆಗಳ ಊರ ಹೆಸರುಗಳಂತೂ ಭೂತಗನ್ನಡಿ ಇಲ್ಲದೆ ಕಾಣುವುದಿಲ್ಲ. ದೊಡ್ಡ ಅಕ್ಷರದ ಪುಸ್ತಕಕ್ಕೆ ಸಣ್ಣ ಅಕ್ಷರದ ನಕ್ಷೆ ಹಾಕಿದ್ದೇಕೋ ತಿಳಿಯದು.

ತೂಕ ಬಹಳ. ಮಡಿಲಲ್ಲಿಟ್ಟು ಹತ್ತು ನಿಮಿಷ ಓದಿದರೆ ಕಾಲು ಜೋಮು ಹಿಡಿಯುತ್ತದೆ. ನಮ್ಮೂರ ಬಡಗಿಯಿಂದ ಸಿಲ್ವರ್ ಓಕ್ ಹಲಗೆಯಲ್ಲಿ ಒಂದು ವ್ಯಾಸಪೀಠ ಮಾಡಿಸಿದೆವು. ಅದಿಲ್ಲದೆ ಈ ಪುಸ್ತಕ ಕೊಂಡು ಪ್ರಯೋಜನವಿಲ್ಲ ಎಂದೇ ಹೇಳುತ್ತೇನೆ. ಆರಾಧನೆಗೆ ಹೊತ್ತುಕೊಂಡು ಹೋಗುವ ಪುಸ್ತಕ ಇದಲ್ಲ, ಮನೆಯಲ್ಲಿ ಒಂದೆಡೆ ಇರಬೇಕಾದದ್ದು. ಕಾಗದ ತೆಳು, ಹಿಂದಿನ ಪುಟದ ಅಚ್ಚು ನೆರಳಿನಂತೆ ಕಾಣುತ್ತದೆ. ಬಾಲ್ ಪೆನ್ನಿನಿಂದ ಗೆರೆ ಎಳೆಯಬೇಡಿ, ಪೆನ್ಸಿಲ್ ಬಳಸಿ.

ದೊಡ್ಡ ದೂರು ಹೊದಿಕೆಯ ಬಗ್ಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಗೋಡೆ, ಬಟ್ಟೆ, ಚಪ್ಪಲಿ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ರೆಕ್ಸಿನ್ ಹೊದಿಕೆಗೂ ಹಿಡಿಯಿತು. ಒಣಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಲೋಹದ ಜಿಪ್ ಮೊದಲ ಮಳೆಗಾಲದಲ್ಲೇ ತುಕ್ಕು ಹಿಡಿದು ಮೂಲೆಯಲ್ಲಿ ಸಿಕ್ಕಿಕೊಂಡಿತು, ಈಗ ಮುಚ್ಚುವುದೇ ಇಲ್ಲ. ಇನ್ನೂ ಮುಖ್ಯವಾದದ್ದು, ಜಿಪ್ ಎಳೆದಿಟ್ಟರೆ ಒಳಗಿನ ತೇವ ಒಳಗೇ ಉಳಿದು ಹಾಳೆಗಳು ಮುದುರುತ್ತವೆ. ನಾವೀಗ ಸಣ್ಣ ಬಲ್ಬ್ ಉರಿಯುವ ಕಪಾಟಿನಲ್ಲಿ ಪುಸ್ತಕವನ್ನು ನಿಲ್ಲಿಸಿಡುತ್ತೇವೆ. ಕರೆಂಟ್ ಇಲ್ಲದ ದಿನಗಳಲ್ಲಿ ಒಲೆಯಿಂದ ಸಾಕಷ್ಟು ದೂರದ, ಹೊಗೆ ತಾಗದ ಬೆಚ್ಚಗಿನ ಮೂಲೆಯಲ್ಲಿಡುತ್ತೇವೆ. ಕೊಡಗಿನವರು ಜಿಪ್ ಇಲ್ಲದ ಪ್ರತಿಯನ್ನೇ ಕೇಳಿ. ಹೊಲಿಗೆ ಮಾತ್ರ ಗಟ್ಟಿ, ಒಂದು ಹಾಳೆಯೂ ಬಿಟ್ಟಿಲ್ಲ.

ಮೊಬೈಲಿನಲ್ಲಿ ಸತ್ಯವೇದ ಪುಕ್ಕಟೆಯಾಗಿ ಸಿಗುವಾಗ ಇಷ್ಟೆಲ್ಲ ಏಕೆ ಎಂದು ಮಗ ಕೇಳಿದ. ಅವನ ಮಾತಿನಲ್ಲಿ ನ್ಯಾಯವಿದೆ. ಮೊಬೈಲಿನಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು, ಓದಿ ಹೇಳುವ ಧ್ವನಿಯೂ ಸಿಗುತ್ತದೆ. ಮಲಗಿದಲ್ಲಿಂದ ಏಳಲಾಗದವರಿಗೆ ಅದೇ ಒಳ್ಳೆಯದು. ಆದರೆ ನಮ್ಮಲ್ಲಿ ಗಾಳಿಮಳೆಗೆ ಮರ ಬಿದ್ದರೆ ಕರೆಂಟ್ ದಿನಗಟ್ಟಲೆ ಬರುವುದಿಲ್ಲ, ಮೊಬೈಲಿನಲ್ಲಿ ಉಳಿದಷ್ಟು ಚಾರ್ಜನ್ನು ತುರ್ತು ಕರೆಗೆ ಕಾಪಾಡಿಕೊಳ್ಳಬೇಕು. ಅಂಥ ರಾತ್ರಿಗಳಲ್ಲೇ ಈ ವಾಕ್ಯಗಳು ಬೇಕಾಗುವುದು. ಪರದೆಯ ಮೇಲೆ ಒಂದು ವಚನ ಬರುತ್ತದೆ, ಅದರ ಜೊತೆಗೇ ಹವಾಮಾನದ ರೆಡ್ ಅಲರ್ಟೂ ಯಾರೋ ಕಳಿಸಿದ ಭೂಕುಸಿತದ ವಿಡಿಯೊವೂ ಬರುತ್ತವೆ. ಪುಸ್ತಕದಲ್ಲಿ ಆ ಕಾಟವಿಲ್ಲ.

ರೆಡ್ ಅಲರ್ಟ್ ಎಂದರೆ ನಮಗೆ ಏನು ಎಂಬುದನ್ನು ಹೊರಗಿನ ಓದುಗರಿಗೆ ಹೇಳಬೇಕು. 2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಜೋಡುಪಾಲದ ಕಡೆ ಗುಡ್ಡಗಳು ಕೆಸರಾಗಿ ಇಳಿದವು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ. 2024ರ ಜುಲೈ ಕೊನೆಯಲ್ಲಿ ಪಕ್ಕದ ವಯನಾಡಿನ ಮುಂಡಕೈ, ಚೂರಲ್‌ಮಲೆ. ನಮ್ಮ ಮನೆಯ ಹಿಂದಿನ ಗುಡ್ಡ ಕುಸಿಯಲಿಲ್ಲ, ಆದರೆ ಮೇಲಿನ ತೋಟದಲ್ಲಿ ಉದ್ದಕ್ಕೊಂದು ಬಿರುಕು ಬಿಟ್ಟಿತು. 2018ರಲ್ಲಿ ನಾವೂ ಪರಿಹಾರ ಕೇಂದ್ರದ ಚಾಪೆಯ ಮೇಲೆ ಮಲಗಿದವರು. ಅಂದಿನಿಂದ ಮಳೆಗಾಲದ ಆರಂಭದಲ್ಲಿ ಸುರಕ್ಷಿತ ಜಾಗಕ್ಕೆ ತೆರಳಿ ಎಂಬ ನೋಟಿಸ್ ಬರುತ್ತದೆ. ಹೆಂಚಿನ ಮೇಲೆ ಮಳೆಯ ಸದ್ದು ಜೋರಾದರೆ ಇಬ್ಬರಿಗೂ ನಿದ್ದೆ ಬರುವುದಿಲ್ಲ. ಅದೇ ಹೊತ್ತಿಗೆ ಬೆಂಗಳೂರಿನ ಕಂಪನಿಯಲ್ಲಿದ್ದ ಮಗನ ಕೆಲಸ ಹೋಯಿತು, ಹೊಸದು ಸಿಗಲು ತಡವಾಯಿತು. ನೆಲ, ದುಡ್ಡು, ಕಣ್ಣು, ಮಗನ ಭವಿಷ್ಯ, ಯಾವುದನ್ನು ಹಿಡಿದುಕೊಂಡರೂ ಗಟ್ಟಿಯಿಲ್ಲ ಎನಿಸುವ ಕಾಲದಲ್ಲಿ ಈ ಪುಸ್ತಕ ಮನೆಗೆ ಬಂತು.

ನಮ್ಮ ಮನೆಯಲ್ಲಿ ವಾಗ್ದಾನದ ಕ್ಯಾಲೆಂಡರ್ ಯಾವಾಗಲೂ ಇರುತ್ತದೆ. ಕ್ರೈಸ್ತರ ಮನೆಗಳಲ್ಲಿ ಇದು ಸಾಮಾನ್ಯ. ತಿಂಗಳಿಗೊಂದು ವಚನ, ಹಿಂದೆ ಹೂವಿನ ಚಿತ್ರ. ಪ್ರವಾದಿ ಯೆರೆಮೀಯನ ಪುಸ್ತಕದ 29ನೆಯ ಅಧ್ಯಾಯದ 11ನೆಯ ವಚನ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ: ದೇವರು ನಮ್ಮ ಬಗ್ಗೆ ಯೋಚಿಸುತ್ತಿರುವುದು ಕೇಡನ್ನಲ್ಲ, ಹಿತವನ್ನು, ಕೊನೆಗೆ ನಿರೀಕ್ಷೆಯನ್ನು ಕೊಡುತ್ತಾನೆ ಎಂಬ ಮಾತು. ಎಷ್ಟೋ ವರ್ಷ ಗೋಡೆಯ ಮೇಲೆ ನೋಡಿದ ವಚನ. ಯಜಮಾನರು ಹೊಸ ಪುಸ್ತಕದಲ್ಲಿ ಆ ಅಧ್ಯಾಯವನ್ನು ಮೊದಲಿನಿಂದ ಓದಿದಾಗ ಅದರ ಹಿಂದಿನ ವಚನವೂ ಬಂತು: ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ! ಯೆರೂಸಲೇಮಿನಿಂದ ಸೆರೆಯಾಗಿ ಹೋಗಿದ್ದ ಜನರಿಗೆ ಯೆರೆಮೀಯನು ಬರೆದ ಪತ್ರ ಅದು. ಬೇಗನೆ ಊರಿಗೆ ಮರಳುತ್ತೀರಿ ಎಂದು ಆಗ ಬೇರೆ ಪ್ರವಾದಿಗಳು ಹೇಳುತ್ತಿದ್ದರು. ಇವನು ಹಾಗೆ ಹೇಳಲಿಲ್ಲ. ಮನೆಗಳನ್ನು ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಬರೆದ. ಪತ್ರ ಓದಿದ ಮುದುಕರಲ್ಲಿ ಹೆಚ್ಚಿನವರು ಊರನ್ನು ಮತ್ತೆ ನೋಡಿರಲಾರರು. ಆ ಎಪ್ಪತ್ತು ವರ್ಷಗಳ ಸಮೇತ ಓದಿದಾಗ ಆ ವಾಗ್ದಾನದ ತೂಕ ಹೆಚ್ಚಿತು. ಕ್ಯಾಲೆಂಡರ್ ಮಾಡುವವರು ಹತ್ತನೆಯ ವಚನವನ್ನೂ ಸೇರಿಸಬೇಕು ಎಂಬುದು ನನ್ನ ಕಳಕಳಿಯ ಮನವಿ. ಕಾಯಲು ಕಲಿಸದ ನಿರೀಕ್ಷೆ ಕೊಡಗಿನ ಒಂದು ಮಳೆಗಾಲವನ್ನೂ ತಾಳುವುದಿಲ್ಲ.

ಪುಟದ ಕೆಳಗೆ ಸಂಬಂಧಿಸಿದ ಬೇರೆ ವಚನಗಳ ಸೂಚನೆಯಿದೆ. ಇದು ಈ ಪ್ರತಿಯ ಬಹು ದೊಡ್ಡ ಉಪಕಾರ. ಒಂದು ಉದಾಹರಣೆ ಕೊಡುತ್ತೇನೆ. ನೋಟಿಸ್ ಬಂದ ವಾರ ನಮ್ಮ ಸಂಬಂಧಿಕರೊಬ್ಬರು ಬಂದು, "91ನೆಯ ಕೀರ್ತನೆಯನ್ನು ಓದಿ ಪ್ರಾರ್ಥಿಸಿ ಮನೆಯಲ್ಲೇ ಇರಿ, ಟೀಚರ್. ನಂಬಿಕೆ ಇದ್ದವರು ಮನೆ ಬಿಟ್ಟು ಓಡಬಾರದು" ಎಂದರು. ಆ ಕೀರ್ತನೆ ನನಗೂ ಪ್ರಾಣ. ಪರಾತ್ಪರನ ಮರೆಯಲ್ಲಿ ವಾಸಿಸುವವನ ಬಗ್ಗೆ, ಕಾಲು ಕಲ್ಲಿಗೆ ತಗಲದಂತೆ ದೂತರು ಕೈಗಳಲ್ಲಿ ಎತ್ತಿಕೊಳ್ಳುವ ಬಗ್ಗೆ ಅದರಲ್ಲಿದೆ. ಯಜಮಾನರು ಅವರ ಎದುರಿಗೇ ಆ ಪುಟ ತೆರೆದು ಓದಿದರು. ಕೆಳಗಿನ ಸೂಚನೆ ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ತೋರಿಸುತ್ತಿತ್ತು. ಅಲ್ಲಿಗೆ ತಿರುಗಿಸಿದರೆ, ಈ ದೂತರ ವಚನವನ್ನೇ ಬಾಯಲ್ಲಿಟ್ಟುಕೊಂಡು ಯೇಸುವಿನ ಮುಂದೆ ನಿಂತಿರುವವನು ಸೈತಾನ! ದೇವಾಲಯದ ಶಿಖರದಿಂದ ಕೆಳಗೆ ದುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎನ್ನುತ್ತಾನೆ. ನಿನ್ನ ದೇವರಾದ ಕರ್ತನನ್ನು ಪರೀಕ್ಷಿಸಬಾರದು ಎಂದೂ ಬರೆದಿದೆ ಎಂದು ಯೇಸು ಉತ್ತರಿಸುತ್ತಾನೆ.

ಸಂಬಂಧಿಕರು ಸುಮ್ಮನಾದರು. ಅವರನ್ನು ಸೋಲಿಸುವ ಆಸೆ ನಮಗಿರಲಿಲ್ಲ. ಅವರೂ ಪ್ರೀತಿಯಿಂದಲೇ ಹೇಳಿದ್ದರು. ಆದರೆ ಈ ಮಾತನ್ನು ಗುಡ್ಡದಡಿಯ ಪ್ರತಿಯೊಂದು ಕ್ರೈಸ್ತ ಮನೆಯಲ್ಲೂ ಹೇಳಬೇಕೆಂದು ನನಗೆ ಅನ್ನಿಸುತ್ತದೆ. ಜಾಣನು ಕೇಡನ್ನು ಮುಂಗಂಡು ಅಡಗಿಕೊಳ್ಳುತ್ತಾನೆ ಎಂದು ಜ್ಞಾನೋಕ್ತಿಗಳ 22ನೆಯ ಅಧ್ಯಾಯವೂ ಹೇಳುತ್ತದೆ. ನೋಟಿಸ್ ಬಂದಾಗ ಹೊರಡುವುದು ಅಪನಂಬಿಕೆಯಲ್ಲ. ಗುಡ್ಡ ಕುಸಿಯದಂತೆ ದೇವರು ಹಿಡಿದೇ ಹಿಡಿಯುತ್ತಾನೆ ಎಂದು ಯೇಸು ನಮಗೆ ಮಾತು ಕೊಟ್ಟಿಲ್ಲ. ಲೋಕದಲ್ಲಿ ನಿಮಗೆ ಸಂಕಟ ಉಂಟು ಎಂದೇ ಶಿಷ್ಯರಿಗೆ ಹೇಳಿದ. ಗುಡ್ಡ ಕುಸಿದರೂ, ಕೆಲಸ ಹೋದರೂ, ಸಾವೇ ಬಂದರೂ ನಮ್ಮನ್ನು ಕೈಬಿಡುವುದಿಲ್ಲ ಎಂಬುದು ಅವನು ಕೊಟ್ಟ ಮಾತು. ನನ್ನ ಭದ್ರತೆ ಅಷ್ಟೇ, ಮತ್ತು ಅದು ಸಾಕು. ಇದನ್ನು ತಿಳಿದ ಮೇಲೆ ಬಾಗಿಲಿಗೆ ಬೀಗ ಹಾಕಿ ತಂಗಿಯ ಮನೆಗೆ ಹೊರಡುವಾಗ ನನಗೆ ಅಳು ಬರಲಿಲ್ಲ. ಪುಸ್ತಕವನ್ನು ಪ್ಲಾಸ್ಟಿಕ್ ಹೊದಿಸಿ, ಜಾಗದ ಪಹಣಿ, ರೇಷನ್ ಕಾರ್ಡ್, ಇನ್ಸುಲಿನ್ ಇವುಗಳ ಜೊತೆ ಒಂದೇ ಚೀಲದಲ್ಲಿ ಇಟ್ಟುಕೊಂಡೆ.

ಪರಿಹಾರ ಕೇಂದ್ರದಲ್ಲಿದ್ದಾಗ ಕೇಳಿದ ಒಂದು ಮಾತು ಬಹಳ ಕಾಲ ನನ್ನನ್ನು ಕೊರೆಯುತ್ತಿತ್ತು. ಇದು ಯಾರದೋ ಪಾಪದ ಫಲ ಎಂದು ಒಬ್ಬರು ಗಟ್ಟಿಯಾಗಿ ಹೇಳಿದ್ದರು, ಮನೆ ಕಳೆದುಕೊಂಡ ತಾಯಿಯೊಬ್ಬಳು ಪಕ್ಕದಲ್ಲೇ ಕುಳಿತಿದ್ದಾಗ. ಲೂಕನ 13ನೆಯ ಅಧ್ಯಾಯವನ್ನು ಯಜಮಾನರು ಓದುತ್ತಿದ್ದಾಗ ಅದಕ್ಕೆ ಉತ್ತರ ಸಿಕ್ಕಿತು. ಸಿಲೋವದಲ್ಲಿ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಅವರು ಯೆರೂಸಲೇಮಿನ ಇತರರಿಗಿಂತ ಹೆಚ್ಚು ಅಪರಾಧಿಗಳೆಂದು ನೆನಸುತ್ತೀರೋ, ಹಾಗಲ್ಲ ಎಂದು ಯೇಸು ನೇರವಾಗಿ ಹೇಳುತ್ತಾನೆ. ಸತ್ತವರ ಪಾಪದ ಲೆಕ್ಕ ಬಿಟ್ಟು ನೀವು ನಿಮ್ಮ ಮನಸ್ಸನ್ನು ತಿರುಗಿಸಿಕೊಳ್ಳಿ ಎಂದು ಬದುಕಿರುವವರ ಕಡೆಗೆ ಮಾತನ್ನು ತಿರುಗಿಸುತ್ತಾನೆ. ಆ ತಾಯಿ ಈಗ ಎಲ್ಲಿದ್ದಾಳೋ. ಅವಳಿಗೆ ಇದನ್ನು ಓದಿ ಹೇಳಬೇಕೆಂದು ಈಗಲೂ ಅನ್ನಿಸುತ್ತದೆ.

ನಮ್ಮ ಮೈದುನನ ಮನೆ ಮತ್ತು ತೋಟದ ಹೆಚ್ಚಿನ ಭಾಗ 2018ರಲ್ಲಿ ಹೋಯಿತು. ಈಗ ಅವನು ಜಂಬೂರಿನಲ್ಲಿ ಸರ್ಕಾರ ಕಟ್ಟಿಸಿಕೊಟ್ಟ ಮನೆಯಲ್ಲಿದ್ದಾನೆ. ಉಳಿದ ತುಂಡು ಜಾಗಕ್ಕೆ ವರ್ಷಗಟ್ಟಲೆ ಕಾಲಿಡಲಿಲ್ಲ. ಒಂದು ಸಂಜೆ ನಮ್ಮಲ್ಲಿಗೆ ಬಂದಾಗ ಅಣ್ಣ ಅವನಿಗೆ ಯೆರೆಮೀಯನ 32ನೆಯ ಅಧ್ಯಾಯವನ್ನು ಓದಿದರು. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಯೆರೆಮೀಯ ಅರಮನೆಯ ಕಾವಲಂಗಳದಲ್ಲಿ ಬಂಧಿ. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು ಅನಾತೋತಿನಲ್ಲಿರುವ ನನ್ನ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ಶತ್ರುವಿನ ಪಾಲಾಗುವ ದೇಶದಲ್ಲಿ ಹೊಲ! ಯೆರೆಮೀಯ ಹದಿನೇಳು ತೊಲ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ, ಸಾಕ್ಷಿಗಳ ಎದುರು ಪತ್ರಕ್ಕೆ ರುಜು ಹಾಕುತ್ತಾನೆ, ಮುಚ್ಚಿ ಮುದ್ರೆ ಹಾಕಿದ ಪ್ರತಿಯನ್ನೂ ತೆರೆದ ಪ್ರತಿಯನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ. ಈ ದೇಶದಲ್ಲಿ ಮನೆಗಳನ್ನೂ ಹೊಲಗಳನ್ನೂ ದ್ರಾಕ್ಷೆಯ ತೋಟಗಳನ್ನೂ ಜನರು ಮತ್ತೆ ಕೊಳ್ಳುವರು ಎಂದು ದೇವರು ಅವನಿಗೆ ಹೇಳಿದ್ದನು.

ಹಾಜರಿ ಪುಸ್ತಕ ಬರೆದು ಬಾಳಿದ ಮನುಷ್ಯ ಬೆಳ್ಳಿಯ ತೂಕ, ಸಾಕ್ಷಿ, ರುಜು, ನಕಲು ಇವನ್ನು ಓದುವಾಗ ಧ್ವನಿಯಲ್ಲಿ ಒಂದು ಗೌರವವಿತ್ತು. ಪಕ್ಕದ ಮನೆಯ ಕೊಡವ ಅಕ್ಕನೂ ಅಂದು ಬಂದಿದ್ದರು. ಅವರು ಕಾವೇರಮ್ಮನ ಭಕ್ತೆ, ಇಗ್ಗುತ್ತಪ್ಪನಿಗೆ ಹರಕೆ ಹೊತ್ತವರು. ಕರೆಂಟ್ ಇಲ್ಲದ ಸಂಜೆಗಳಲ್ಲಿ ನಮ್ಮ ದೀಪದ ಬಳಿ ಬಂದು ಕೂರುವುದು ರೂಢಿ. "ಟೀಚರೇ, ಪತ್ರವನ್ನು ಪಾತ್ರೆಯಲ್ಲಿಟ್ಟದ್ದು ಗೆದ್ದಲಿನ ಭಯಕ್ಕಿರಬೇಕು" ಎಂದರು. ಮೈದುನ ನಗಲಿಲ್ಲ. "ಅಣ್ಣಾ, ಇನ್ನೊಮ್ಮೆ ಓದಿ" ಎಂದ. ಆ ವರ್ಷದ ಮಳೆ ನಿಂತ ಮೇಲೆ ಅವನು ಜಾಗದ ಕಾಡು ಕಡಿಸಿದ, ಇಳಿಜಾರು ಕಡಿಮೆಯಿರುವ ಕಡೆ ಕಾಫಿ ಗಿಡ ನೆಟ್ಟ. ಕಾಫಿಗೆ ಒಳ್ಳೆಯ ಬೆಲೆ ಬಂದದ್ದೂ ಅದಕ್ಕೆ ಕಾರಣ, ಇಲ್ಲವೆನ್ನುವುದಿಲ್ಲ. ಗಿಡ ಫಲಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕು. ಅಷ್ಟು ಕಾಲ ಕಾಯುವ ಮನಸ್ಸು ಮಾಡಿದನಲ್ಲ, ಅದಕ್ಕಾಗಿ ದೇವರಿಗೆ ಸ್ತೋತ್ರ.

ಎಲ್ಲ ರಾತ್ರಿಗಳೂ ಹೀಗಿರಲಿಲ್ಲ. ಮಗನಿಗೆ ಕೆಲಸ ಸಿಗದಿದ್ದ ತಿಂಗಳುಗಳಲ್ಲಿ ಯಜಮಾನರು ಯಾವ ವಾಗ್ದಾನವನ್ನೂ ಓದಲು ಒಪ್ಪುತ್ತಿರಲಿಲ್ಲ. 88ನೆಯ ಕೀರ್ತನೆಯನ್ನು ಮಾತ್ರ ಓದುತ್ತಿದ್ದರು. ಮೊರೆಯಿಡುವ ಕೀರ್ತನೆಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಸ್ತುತಿಯ ಒಂದು ಮಾತಾದರೂ ಬರುತ್ತದೆ, ಇದರಲ್ಲಿ ಬರುವುದಿಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ನಾನು ಮೊದಲು ಗಾಬರಿಯಾದೆ. ನಮ್ಮ ಸಭಾಪಾಲಕರು, "ಓದಲಿ ಬಿಡಿ. ಅದೂ ಪ್ರಾರ್ಥನೆಯೇ, ದೇವರ ಮುಂದೆಯೇ ಹೇಳುತ್ತಿದ್ದಾರಲ್ಲ" ಎಂದರು. ನೂರೈವತ್ತು ಕೀರ್ತನೆಗಳಲ್ಲಿ ಇಂಥದ್ದಕ್ಕೂ ಜಾಗ ಬಿಟ್ಟಿದ್ದಾರೆಂಬುದೇ ನನಗೆ ದೊಡ್ಡ ಸಮಾಧಾನ. ಮಗನಿಗೆ ಆಮೇಲೆ ಕೆಲಸ ಸಿಕ್ಕಿತು, ಸಂಬಳ ಮೊದಲಿಗಿಂತ ಕಡಿಮೆ.

ಕೊಡಗಿನಲ್ಲಿ ಈ ನಂಬಿಕೆಯ ಬೇರು ಆಸರೆ ಹುಡುಕಿ ಬಂದವರಲ್ಲಿದೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರದು; ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕಥೋಲಿಕರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟ ಕಾಲ. ಮಂಗಳೂರಿನಲ್ಲಿ 1843ರಲ್ಲಿ ಮೊದಲ ಕನ್ನಡ ಪತ್ರಿಕೆಯನ್ನು ಹೊರಡಿಸಿದ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದು, ಜಮೀನಿಲ್ಲದೆ ಜೀತದಲ್ಲಿದ್ದವರಿಗಾಗಿ ಅಮ್ಮತ್ತಿಯ ಬಳಿ ಆನಂದಪುರವನ್ನು ಕಟ್ಟಿದರು. ಯಜಮಾನರ ಹಿರಿಯರು ಆ ಊರಿನವರು. ಸ್ವಂತ ನೆಲವಿಲ್ಲದವರು ಮೊದಲು ಹಿಡಿದುಕೊಂಡದ್ದು ಈ ಪುಸ್ತಕವನ್ನು.

ಕೊಳ್ಳುವವರಿಗೆ ಇನ್ನೆರಡು ಮಾತು. ಇಡೀ ಸತ್ಯವೇದದ ತೂಕ ಹೆಚ್ಚಾಯಿತೆನ್ನುವವರಿಗೆ ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಮಾತ್ರ ಇರುವ ಪ್ರತಿಯೂ ಸಿಗುತ್ತದೆ. ಆದರೆ ಅದರಲ್ಲಿ ಯೆರೆಮೀಯನಿರುವುದಿಲ್ಲ, ಅಂಜೂರ ಚಿಗುರದಿದ್ದರೂ ಹಟ್ಟಿಯಲ್ಲಿ ದನವಿಲ್ಲದಿದ್ದರೂ ಸಂತೋಷಿಸುವೆನೆಂದ ಪ್ರವಾದಿ ಹಬಕ್ಕೂಕನೂ ಇರುವುದಿಲ್ಲ, ಆದ್ದರಿಂದ ನಾನು ಪೂರ್ತಿ ಪುಸ್ತಕವನ್ನೇ ಹೇಳುತ್ತೇನೆ. ಅಂಚೆಯಲ್ಲಿ ತರಿಸುವುದಾದರೆ ಮೇ ತಿಂಗಳೊಳಗೆ ತರಿಸಿ. ಮಳೆಯಲ್ಲಿ ಬಂದ ಕಟ್ಟು ಒದ್ದೆಯಾಗದೆ ಬರುವುದು ಕಷ್ಟ. ಸಾಧ್ಯವಿದ್ದರೆ ಓದುವವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಹೆಸರುಗಳ ಅಧ್ಯಾಯವನ್ನು ಓದಿಸಿ ನೋಡಿ. ಮೈದುನನಿಗಾಗಿ ಇಂಥದ್ದೇ ಇನ್ನೊಂದು ಪ್ರತಿಯನ್ನು ಹೇಳಿಟ್ಟಿದ್ದೇವೆ, ಜಿಪ್ ಇಲ್ಲದ್ದು.